ಹೊಸ ಬಂದಿಶ್ ಕೇಳಿ ವಿಮರ್ಶೆ ಬರೆಯುವ ಬಗೆ

‘ಇದು ನನ್ನದೇ ರಚನೆ’ ಎಂದು ಹೇಳಿ ಹಿಂದೂಸ್ತಾನಿ ಗಾಯಕರು ಹೊಸ ಬಂದಿಶ್ (ರಾಗ, ತಾಳಕ್ಕೆ ಕಟ್ಟಿದ ಹಾಡು) ಎತ್ತಿಕೊಂಡರೆ ವಿಮರ್ಶಕರ ಕೆಲಸ ಎರಡಾಗುತ್ತದೆ. ಹಾಡಿಕೆ ಬೇರೆ, ಕಟ್ಟಿದ್ದು ಬೇರೆ. ಕಂಠವೂ ತಾನಿನ (ವೇಗದ ಸ್ವರಸರಣಿಯ) ತಯಾರಿಯೂ ಚೆನ್ನಾಗಿದ್ದರೆ ಸಪ್ಪೆ ಚೀಜೂ (ಬಂದಿಶ್ ಕೂಡ) ಚಪ್ಪಾಳೆ ಗಿಟ್ಟಿಸುತ್ತದೆ. ಬೆಳಗಾವಿಯ ಬೈಠಕ್‌ಗೆ (ಸಣ್ಣ ಕಛೇರಿಗೆ) ಬರೆಯಲೆಂದು ಹೋಗುವವರು ಮೊದಲು ಬಂದಿಶ್‌ನ ಮೊದಲ ಭಾಗ ಸ್ಥಾಯಿ, ಎರಡನೆಯ ಭಾಗ ಅಂತರಾ ಇವೆರಡನ್ನೇ ತೂಗಿ ನೋಡಬೇಕು.

16 ಮಾತ್ರೆಯ (ಎಣಿಕೆಯ) ತೀನ್‌ತಾಲವಾದರೆ ನೋಟ್‌ಬುಕ್ಕಿನಲ್ಲಿ 16 ಮನೆ ಹಾಕಿ, ನಾಲ್ಕು ನಾಲ್ಕಕ್ಕೆ ಗೆರೆ ಎಳೆಯಿರಿ. 1ಕ್ಕೆ ಸಮ್ (ಆವರ್ತದ ಮೊದಲ ಮಾತ್ರೆ), 9ಕ್ಕೆ ಖಾಲಿ (ಕೈತಟ್ಟದೆ ಬಿಡುವ ಮಾತ್ರೆ). ಲೆಕ್ಕ ತಪ್ಪಿದರೆ ಡಗ್ಗಾ (ತಬಲಾ ಜೋಡಿಯ ದೊಡ್ಡ ವಾದ್ಯ) ಕೇಳಿ: ಸಾದಾ ಠೇಕಾದಲ್ಲಿ (ತಾಳದ ಮೂಲ ನುಡಿಸಾಣಿಕೆಯಲ್ಲಿ) 10ರಿಂದ 13ರವರೆಗೆ ಅದರ ಗುಂಗು ಇರುವುದಿಲ್ಲ. ಮೊದಲ ಸುತ್ತಿನಲ್ಲಿ ಸಾಹಿತ್ಯ ಬರೆಯಹೋಗಬೇಡಿ. ಮುಖಡಾ (ಸಮ್‌ಗೆ ಕರೆದೊಯ್ಯುವ ಮೊದಲ ತುಣುಕು) ಎಷ್ಟನೇ ಮಾತ್ರೆಯಿಂದ ಎದ್ದಿತು, ಸಮ್ ಯಾವ ಸ್ವರ, ಯಾವ ಅಕ್ಷರದ ಮೇಲೆ ಬಿತ್ತು, ಅಷ್ಟೇ ಸಾಕು. ಗಾಯಕರು ಮತ್ತೆ ಮತ್ತೆ ಮರಳುತ್ತಾರೆ, ಉಳಿದದ್ದನ್ನು ಆಗ ತುಂಬಿಕೊಳ್ಳಬಹುದು. ಕೋಮಲಕ್ಕೆ (ಇಳಿಸಿದ ಸ್ವರಕ್ಕೆ) ಕೆಳಗೆ ಅಡ್ಡಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೆ ನಿಂತ ಗೆರೆ, ಮಂದ್ರಕ್ಕೆ (ಕೆಳ ಸಪ್ತಕಕ್ಕೆ) ಕೆಳಗೆ ಚುಕ್ಕೆ, ತಾರಕ್ಕೆ (ಮೇಲಿನ ಸಪ್ತಕಕ್ಕೆ) ಮೇಲೆ ಚುಕ್ಕೆ ಎಂಬ, ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಗುರುತುಗಳೇ ಅನುಕೂಲ.

ಸಮ್ ಬೀಳುವ ಸ್ವರದಲ್ಲೇ ಅರ್ಧ ತೀರ್ಪು ಇದೆ. ಭೂಪ, ದೇಶಕಾರ ಎರಡೂ ರಾಗಗಳಿಗೆ ಸಾ ರೇ ಗ ಪ ಧ ಇವೇ ಐದು ಸ್ವರ. ಭೂಪದ ವಾದಿ (ಮುಖ್ಯ ಸ್ವರ) ಗಂಧಾರ (ಗ), ಅದರ ಜೀವ ಪೂರ್ವಾಂಗದಲ್ಲಿ (ಸಪ್ತಕದ ಕೆಳ ಅರ್ಧದಲ್ಲಿ). ದೇಶಕಾರದ ವಾದಿ ಧೈವತ (ಧ), ಜೀವ ಉತ್ತರಾಂಗದಲ್ಲಿ (ಮೇಲಿನ ಅರ್ಧದಲ್ಲಿ). ಭೂಪವೆಂದು ಕಟ್ಟಿದ ಚೀಜಿನ ಮುಖಡಾ ಪ್ರತಿ ಸಲ ಧೈವತದ ಮೇಲೆ ಬಂದು ನಿಂತರೆ, ಗಾಯಕರು ಗಂಧಾರವನ್ನು ಎಷ್ಟೇ ಬೆಳೆಸಲಿ, ಸಮ್ ಬಂದಾಗಲೆಲ್ಲ ದೇಶಕಾರ ಇಣುಕುತ್ತದೆ. ಇದು ಹಾಡಿಕೆಯ ತಪ್ಪಲ್ಲ, ರಚನೆಯ ದೋಷ. ಹಾಗೆಂದೇ ಬರೆಯಿರಿ.

ಅಂತರಾ ತಾರಷಡ್ಜ (ಮೇಲಿನ ಸಾ) ಮುಟ್ಟಿದರೆ ಸಾಲದು. ಸ್ಥಾಯಿಯಲ್ಲಿ ಇಲ್ಲದ್ದೇನನ್ನು ತಂದಿತು ನೋಡಿ.

ವಚನಕ್ಕೆ ರಾಗ ಕೂಡಿಸಿದ್ದರೆ ಪರೀಕ್ಷೆ ಇನ್ನೂ ಬಿಗಿ. ವಚನದ ಸಾಲುಗಳು ಸಮ ಮಾತ್ರೆಯವಲ್ಲ, ತಾಳದ ಆವರ್ತಕ್ಕೆ ಹೊಂದಿಸುವಾಗ ಎಳೆದಾಟ ಶುರುವಾಗುತ್ತದೆ. ಬಸವಣ್ಣನವರ ‘ಕೂಡಲಸಂಗಮದೇವಾ’ ಅಂಕಿತವನ್ನೇ ಗಮನಿಸಿ. ‘ಕೂಡಲ’ ಎಂದು ಉಸಿರು ತೆಗೆದುಕೊಂಡು ‘ಸಂಗಮದೇವಾ’ ಎಂದರೆ ನಡೆದೀತು. ‘ಕೂಡಲಸಂ’ ಎಂದು ಆವರ್ತ ಮುಗಿಸಿ ‘ಗಮದೇವಾ’ ಎಂದು ಸಮ್‌ಗೆ ಬಂದರೆ ಮಾತೇ ಮುರಿಯಿತು. ಬಸವನ ಬಾಗೇವಾಡಿಯಿಂದ ಕೂಡಲಸಂಗಮದವರೆಗೆ ಈ ಅಂಕಿತ ಜನರ ಬಾಯಲ್ಲೇ ಇದೆ, ಅದನ್ನು ತುಂಡರಿಸಿದ ರಾಗಸಂಯೋಜನೆಯನ್ನು ಮಧುರವೆಂದು ಹೊಗಳಿ ಬಿಡುವುದು ಸಲ್ಲದು.

ಹೊಸ ರಾಗವೆಂದು ಹೇಳಿದರೆ ಇನ್ನಷ್ಟು ಎಚ್ಚರ ಬೇಕು. ಒಂದು ಸ್ವರ ಬಿಟ್ಟ ಮಾತ್ರಕ್ಕೆ, ಎರಡು ರಾಗ ಅಂಟಿಸಿದ ಮಾತ್ರಕ್ಕೆ ರಾಗ ಹುಟ್ಟುವುದಿಲ್ಲ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರು ಮಾಳವದ ಜನಪದ ಧಾಟಿಗಳೊಳಗಿಂದ ‘ಧುನ್ ಉಗಮ’ (ಧಾಟಿಯಿಂದ ಹುಟ್ಟಿದ) ರಾಗಗಳನ್ನು ತೆಗೆದರು, ಅಲ್ಲಿ ಮೊದಲು ಇದ್ದದ್ದು ಚಲನೆ (ಸ್ವರಗಳ ನಡೆ). ಆರೋಹ ಅವರೋಹ ಬರೆದುಕೊಂಡು ಸುಮ್ಮನಾಗದೆ, ಮತ್ತೆ ಮತ್ತೆ ಬರುವ ಸ್ವರಗುಚ್ಛ ಯಾವುದೆಂದು ಹುಡುಕಿ. ಸಿಗದಿದ್ದರೆ ಅದು ಬರೀ ಮಿಶ್ರಣ.

ಬಂದಿಶ್‌ನ ಅಂಕಿತ ಕೇಳಿದೊಡನೆ ರಚನಕಾರರ ಹೆಸರು ಹಾಕಬೇಡಿ. ಸದಾರಂಗ ಎಂದರೆ ದಿಲ್ಲಿಯ ಮಹಮ್ಮದ್ ಶಾಹನ (1719–1748) ಆಸ್ಥಾನದ ನಿಯಾಮತ್ ಖಾನ್. ಆದರೆ ನಂತರದವರೂ ಆ ಹೆಸರಿಟ್ಟು ಚೀಜು ಕಟ್ಟಿದ್ದುಂಟು. ಬೈಠಕ್ ಮುಗಿದ ಮೇಲೆ ಗಾಯಕರನ್ನೇ ಕೇಳಿ: ಸಾಹಿತ್ಯ ಯಾರದು, ಸ್ವರ ಕೂಡಿಸಿದವರು ಯಾರು, ಯಾವ ಗುರುವಿನಿಂದ ಬಂತು. ನೀವು ಬರೆದುಕೊಂಡ ಸಾಹಿತ್ಯವನ್ನೂ ಅಲ್ಲೇ ಓದಿ ಹೇಳಿ ತಿದ್ದಿಸಿಕೊಳ್ಳಿ. ಬಂದಿಶ್‌ಗಳ ಬ್ರಜ್ ಭಾಷೆಯ ಪದಗಳು ದ್ರುತ್ (ವೇಗದ) ಲಯದಲ್ಲಿ ಕಿವಿಗೆ ಬೇರೆಯಾಗಿಯೇ ಬೀಳುತ್ತವೆ.