ಮೊದಲು ಕಟ್ಟುವುದು, ಆಮೇಲೆ ಕಾಯುವುದು: ನನ್ನ ಅನುಭವ

ಮೂಳೆ ಸವೆದು (ಆಸ್ಟಿಯೊಪೊರೋಸಿಸ್) ಬೆನ್ನುಮೂಳೆ ಕುಸಿದು ಬಂದ ರೋಗಿಗೆ, ಹೊಸ ಮೂಳೆ ಕಟ್ಟುವ ಚುಚ್ಚುಮದ್ದಾದ ಟೆರಿಪ್ಯಾರಟೈಡ್ ಮೊದಲು ಕೊಟ್ಟು, ಅದು ಮುಗಿದ ಮೇಲಷ್ಟೇ ಮೂಳೆ ಸವೆತ ತಡೆಯುವ ಬಿಸ್ಫಾಸ್ಫೊನೇಟ್ ಔಷಧಗಳಿಗೆ ಬರಬೇಕೆಂದು ನಾನು ಹಟ ಹಿಡಿದಾಗ ಸಹೋದ್ಯೋಗಿಗಳಾರೂ ಒಪ್ಪಲಿಲ್ಲ. ಬಿಸ್ಫಾಸ್ಫೊನೇಟ್‌ಗಳಲ್ಲೊಂದಾದ ಅಲೆಂಡ್ರೊನೇಟ್‌ನ ವಾರಕ್ಕೊಂದು ಮಾತ್ರೆ ಸಾಕಾಗಿರುವಾಗ ಎರಡು ವರ್ಷ ದಿನವೂ ಚುಚ್ಚಿಸಿಕೊಳ್ಳುವುದೇಕೆ, ಇಷ್ಟು ಹಣವೇಕೆ, ಇಲಿಗಳಲ್ಲಿ ಕಂಡ ಮೂಳೆ ಕ್ಯಾನ್ಸರಿನ ಗತಿಯೇನು ಎಂದು ಕೇಳಿದರು. ಕ್ಯಾನ್ಸರಿನ ಆ ವಿಶೇಷ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ತೆಗೆದುಹಾಕಿತು. ಉಳಿದ ಪ್ರಶ್ನೆಗಳಿಗೆ ನನ್ನ ರೋಗಿಗಳ ಡೆಕ್ಸಾ (ಮೂಳೆ ಸಾಂದ್ರತೆ ಅಳೆಯುವ ಎಕ್ಸ್‌-ರೇ) ವರದಿಗಳೇ ಉತ್ತರ ಕೊಟ್ಟವು: ಒಂದೂವರೆ ವರ್ಷದಲ್ಲಿ ಬೆನ್ನಿನ ಸಾಂದ್ರತೆ ಹೆಚ್ಚುಕಡಿಮೆ ಶೇ 8-9ರಷ್ಟು ಏರಿತ್ತು, ಹೊಸ ಕುಸಿತಗಳು ಬಹುಮಟ್ಟಿಗೆ ನಿಂತಿದ್ದವು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಸೋತ ಪ್ರಕರಣಗಳಲ್ಲಿ ಹೆಚ್ಚಿನವು ಹಣದ ಕಾರಣಕ್ಕೆ ಸೋತವು. ಟೆರಿಪ್ಯಾರಟೈಡ್ ಚುಚ್ಚಿಕೊಳ್ಳುವ ಪೆನ್ನುಗಳಿಗೇ ಕೂಡಿಟ್ಟದ್ದೆಲ್ಲ ಖರ್ಚಾಗಿ, ಮುಂದಿನ ಔಷಧವಿಲ್ಲದೆ ಕೂತವರಲ್ಲಿ ಗಳಿಸಿದ ಮೂಳೆ ವರ್ಷದೊಳಗೇ ಕರಗತೊಡಗುತ್ತದೆ. ಆದ್ದರಿಂದ ಈಗ ಮೊದಲ ಪೆನ್ ಬರೆಯುವ ಮುನ್ನವೇ ಮುಂದೆ ಕೊಡುವ ಬಿಸ್ಫಾಸ್ಫೊನೇಟ್ ಆದ ಜೋಲೆಡ್ರೊನಿಕ್ ಆಮ್ಲದ ಖರ್ಚನ್ನೂ ಮನೆಯವರ ಮುಂದಿಡುತ್ತೇನೆ. ಎರಡೂ ಸಾಧ್ಯವಿಲ್ಲದಿದ್ದರೆ ಚುಚ್ಚುಮದ್ದು ಆರಂಭಿಸುವುದೇ ಇಲ್ಲ.

ಒಬ್ಬ ಹಿರಿಯ ಮಹಿಳೆಯಲ್ಲಿ ಮೂರು ತಿಂಗಳಾದರೂ ಪಿ1ಎನ್‌ಪಿ (ಹೊಸ ಮೂಳೆ ಕಟ್ಟುತ್ತಿರುವುದನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ) ಕದಲಿರಲಿಲ್ಲ. ಪೆನ್ ತರಿಸಿ ವಿಚಾರಿಸಿದಾಗ, ತಂಪಾಗಿರಲೆಂದು ಅವರು ಅದನ್ನು ಫ್ರೀಜರಿನಲ್ಲಿ ಇಡುತ್ತಿದ್ದರೆಂದು ತಿಳಿಯಿತು. ಹೆಪ್ಪುಗಟ್ಟಿದ ಔಷಧವನ್ನು ಬಳಸುವಂತಿಲ್ಲ. ಹೊಸ ಪೆನ್ನನ್ನು ಫ್ರಿಜ್ಜಿನ ಸಾಮಾನ್ಯ ಅರೆಯಲ್ಲಿಟ್ಟ ಮೇಲೆ ಮುಂದಿನ ಪರೀಕ್ಷೆಯಲ್ಲಿ ಅಂಕಿ ಎರಡು ಪಟ್ಟಿಗೂ ಮೀರಿತ್ತು. ಅಂದಿನಿಂದ ಅಂಕಿ ಲೀಟರಿಗೆ 10 ಮೈಕ್ರೋಗ್ರಾಂನಷ್ಟೂ ಏರದಿದ್ದರೆ, ಔಷಧವನ್ನು ದೂರುವ ಮುನ್ನ ಪೆನ್ನನ್ನು ಎಲ್ಲಿಟ್ಟಿದ್ದಾರೆಂದು ಕೇಳುತ್ತೇನೆ.

ತಲೆಸುತ್ತು ಬರುವವರಿಗೆ ಮಲಗುವ ಹೊತ್ತಿಗೆ ಚುಚ್ಚಿಕೊಳ್ಳಲು ಹೇಳಿ ನೋಡಿದೆ, ದೂರುಗಳು ಕಡಿಮೆಯಾದವು. ಮೊದಲ ತಿಂಗಳಲ್ಲೇ ಬೇಸತ್ತು ಬಿಡುವವರನ್ನು ಉಳಿಸಿಕೊಳ್ಳುವ ನನ್ನ ಕ್ರಮವನ್ನು ಇಲ್ಲಿ ಬರೆಯಲಾರೆ, ಅದನ್ನು ಪಕ್ಕದಲ್ಲಿ ಕೂತೇ ಕಲಿಯಬೇಕು. ಮೂಳೆ ಸವೆತ ತಡೆಯುವ ಇನ್ನೊಂದು ಚುಚ್ಚುಮದ್ದಾದ ಡೆನೊಸುಮ್ಯಾಬ್ ಮೇಲಿರುವವರನ್ನು ಮಾತ್ರ ನೇರವಾಗಿ ಟೆರಿಪ್ಯಾರಟೈಡ್‌ಗೆ ಬದಲಿಸುವುದಿಲ್ಲ. ಹಾಗೆ ಬದಲಿಸಿದರೆ ಸೊಂಟದ ಮೂಳೆ ಇಳಿಯುವುದನ್ನು 2015ರ ಡೇಟಾ-ಸ್ವಿಚ್ ಅಧ್ಯಯನ ತೋರಿಸಿದೆ.

ಮೂಳೆ ಕಟ್ಟುವ ಇನ್ನೊಂದು ಚುಚ್ಚುಮದ್ದಾದ ರೊಮೊಸೊಜುಮ್ಯಾಬ್‌ನಲ್ಲೂ ಮೊದಲು ಕಟ್ಟಿ ಆಮೇಲೆ ಕಾಯುವ ಇದೇ ಕ್ರಮ ಸರಿಯೆನಿಸಿತು. ಒಂದು ವರ್ಷ ಅದನ್ನು ಕೊಟ್ಟು ಅಲೆಂಡ್ರೊನೇಟ್‌ಗೆ ಹೋದವರಲ್ಲಿ ಬೆನ್ನುಮೂಳೆಯ ಹೊಸ ಮುರಿತಗಳು, ಬರೀ ಅಲೆಂಡ್ರೊನೇಟ್ ಪಡೆದವರಿಗಿಂತ ಶೇ 48ರಷ್ಟು ಕಡಿಮೆಯಿದ್ದವೆಂದು 2017ರ ಆರ್ಚ್ ಅಧ್ಯಯನ ಹೇಳಿತು. ಆದರೆ ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿರುವವರಿಗೆ ಅದನ್ನು ನಾನು ಮುಟ್ಟಿಸುವುದಿಲ್ಲ. ಅವರಿಗೆ ಟೆರಿಪ್ಯಾರಟೈಡ್‌ನ ದಿನದ ಪೆನ್ನೇ ಸರಿ.