ಕ್ಯಾನ್ಸಸ್ ಸಿಟಿಯ ಜ್ಯಾಮ್‌ನಲ್ಲಿ ಕರಾವಳಿಯ ಸ್ಯಾಕ್ಸೋಫೋನ್

ಕ್ಯಾನ್ಸಸ್ ಸಿಟಿಯಲ್ಲಿ ಜ್ಯಾಝ್ ನುಡಿಸಲು ಯಾರ ಶಿಫಾರಸೂ ಬೇಕಿಲ್ಲ. ಜ್ಯಾಮ್ ಸೆಷನ್, ಅಂದರೆ ಕಲಾವಿದರು ಮೊದಲೇ ತಯಾರಿ ಇಲ್ಲದೆ ಸೇರಿ ನುಡಿಸುವ ಕೂಟ, ನಡೆಯುವ ಜಾಗಕ್ಕೆ ಹೋಗಬೇಕು, ಹಾಳೆಯಲ್ಲಿ ಹೆಸರು ಮತ್ತು ವಾದ್ಯ ಬರೆಯಬೇಕು, ಕರೆಯುವವರೆಗೆ ಕಾಯಬೇಕು. ಅಷ್ಟೇ. ಅಸಲಿ ಕಷ್ಟ ಶುರುವಾಗುವುದು ಕರೆದ ಮೇಲೆ. ಪಿಯಾನೊ, ಬೇಸ್, ಡ್ರಮ್ಸ್ ಆಗಲೇ ತಯಾರಾಗಿರುತ್ತವೆ. ಪಕ್ಕದಲ್ಲಿ ನಿಂತ ಟ್ರಂಪೆಟ್‌ನವರು ಎರಡು ಬೆರಳು ಕೆಳಗೆ ಮಾಡಿ ತೋರಿಸುತ್ತಾರೆ. ಅಂದರೆ ಎರಡು ಫ್ಲ್ಯಾಟ್ (ಅರ್ಧ ಮೆಟ್ಟಿಲು ಇಳಿಸಿದ ಸ್ವರ), ಬಿ ಫ್ಲ್ಯಾಟ್ ಶ್ರುತಿ. ಅದು ನಿಮ್ಮ ತಲೆಗೆ ಹೋಗುವಷ್ಟರಲ್ಲಿ ಹಾಡು ಹೊರಟೇಬಿಟ್ಟಿರುತ್ತದೆ.

ನಮ್ಮೂರು ಬಂಟ್ವಾಳ ತಾಲೂಕಿನಲ್ಲಿ. ಕದ್ರಿ ಗೋಪಾಲನಾಥರ ಸಜಿಪ ಮೂಡ ನಮಗೆ ದೂರವೇನಲ್ಲ. ಅವರು ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ನೋಡಿ ಮನಸೋತು, ಆ ವಾದ್ಯದಲ್ಲಿ ಗಮಕ ತೆಗೆದು ತೋರಿಸಿದ ಮೇಲೆ ನಮ್ಮ ಕಡೆ ಅದು ಪರದೇಶದ ವಾದ್ಯವಾಗಿ ಉಳಿಯಲಿಲ್ಲ. ದೇವಸ್ಥಾನದಲ್ಲೂ ಅದೇ, ಮದುವೆ ಮನೆಯಲ್ಲೂ ಅದೇ. ನಾನೂ ಸ್ಯಾಕ್ಸೋಫೋನ್‌ನ ಒಂದು ಬಗೆಯಾದ ಆಲ್ಟೋ ಹಿಡಿದು ಸರಳೆ ವರಸೆಯಿಂದ ಶುರು ಮಾಡಿ ವರ್ಣ, ಕೃತಿ ಅಂತ ಕಲಿತದ್ದು. ಕೆಲಸದ ಮೇಲೆ ಕ್ಯಾನ್ಸಸ್ ಸಿಟಿಗೆ ಬಂದಾಗ ವಾದ್ಯವೂ ಜೊತೆಗೆ ಬಂತು. ಇಲ್ಲಿ ಆಲ್ಟೋ ಅಂದರೆ ಚಾರ್ಲಿ ಪಾರ್ಕರ್. ಅವರು ಹುಟ್ಟಿದ್ದು 1920ರಲ್ಲಿ, ನದಿಯ ಆಚೆ ಕ್ಯಾನ್ಸಸ್ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ. ಬೆಳೆದದ್ದು ಈಚೆ, ಮಿಸೌರಿಯಲ್ಲಿ. ಒಂದೇ ಹೆಸರಿನ ಎರಡು ಊರು. ಹೊಸಬರಿಗೆ ಇದು ಗೊಂದಲವೇ, ಜಿಪಿಎಸ್‌ಗೂ ಕೂಡ.

ಇಲ್ಲೇ ಯಾಕೆ ಇಷ್ಟು ಜ್ಯಾಝ್ ಬೆಳೆಯಿತು ಅಂದರೆ, ಅದರ ಹಿಂದೆ ಒಬ್ಬ ರಾಜಕಾರಣಿ ಇದ್ದ. ಟಾಮ್ ಪೆಂಡರ್‌ಗಾಸ್ಟ್. ದೇಶಕ್ಕೆಲ್ಲ ಪಾನನಿಷೇಧ ಇದ್ದ ಕಾಲದಲ್ಲೂ ಅವನ ಹಿಡಿತದ ಊರಲ್ಲಿ ಕ್ಲಬ್‌ಗಳು ಬೆಳಗಿನವರೆಗೆ ತೆರೆದಿರುತ್ತಿದ್ದವು. ಆರ್ಥಿಕ ಕುಸಿತ ಬಂದು ಬೇರೆ ಊರುಗಳಲ್ಲಿ ಬ್ಯಾಂಡ್‌ಗಳು ಮುಚ್ಚಿಹೋಗುವಾಗ ಇಲ್ಲಿ ಮಾತ್ರ ಕೆಲಸ ಸಿಗುತ್ತಿತ್ತು. ಬೆನ್ನಿ ಮೋಟನ್, ಕೌಂಟ್ ಬೇಸಿ, ಲೆಸ್ಟರ್ ಯಂಗ್, ಮೇರಿ ಲೂ ವಿಲಿಯಮ್ಸ್ ಎಲ್ಲ ಇಲ್ಲಿ ಪಳಗಿದವರು. 1939ರಲ್ಲಿ ತೆರಿಗೆ ಕದ್ದ ಕೇಸಿನಲ್ಲಿ ಪೆಂಡರ್‌ಗಾಸ್ಟ್ ಜೈಲಿಗೆ ಹೋದ. ಆ ರಾತ್ರಿಗಳೂ ಕರಗುತ್ತಾ ಬಂದವು.

ಕ್ಲಬ್‌ಗಳು ಹೋದರೂ ಅಲ್ಲಿ ನುಡಿಸುತ್ತಿದ್ದವರ ಮನೆ ಉಳಿಯಿತು. ಹೈಲ್ಯಾಂಡ್ ಅವೆನ್ಯೂ, ಬಾಗಿಲ ನಂಬರ್ 1823. ಬಿಳಿಯರ ಸಂಘದಲ್ಲಿ ಕರಿಯ ಕಲಾವಿದರಿಗೆ ಜಾಗ ಇಲ್ಲದಿದ್ದಾಗ ಅವರೇ 1917ರಲ್ಲಿ ಕಟ್ಟಿಕೊಂಡ ಯೂನಿಯನ್, ಲೋಕಲ್ 627. ಅದರ ಕಟ್ಟಡ ಇದು. 1970ರಲ್ಲಿ ಎರಡೂ ಯೂನಿಯನ್‌ಗಳು ಒಂದಾದವು, ಕಟ್ಟಡ ಮಾತ್ರ ಮ್ಯೂಚುವಲ್ ಮ್ಯುಸಿಷಿಯನ್ಸ್ ಫೌಂಡೇಶನ್ ಅನ್ನುವ ಹೆಸರಲ್ಲಿ ಇವರ ಕೈಯಲ್ಲೇ ಉಳಿಯಿತು. ಶುಕ್ರವಾರ, ಶನಿವಾರ ನಡುರಾತ್ರಿ ಕಳೆದ ಮೇಲೆ ಇಲ್ಲಿ ಜ್ಯಾಮ್. ಬೇರೆ ಕಡೆ ಕೆಲಸ ಮುಗಿಸಿದ ಕಲಾವಿದರು ವಾದ್ಯದ ಪೆಟ್ಟಿಗೆ ಹಿಡಿದು ಒಬ್ಬೊಬ್ಬರಾಗಿ ಬರುತ್ತಾರೆ. ಕೆಳಗಿನ ಕೋಣೆ ದೊಡ್ಡದೇನಲ್ಲ. ಗೋಡೆ ತುಂಬ ಹಳಬರ ಫೋಟೊ. ಕೇಳುವವರಿಗೂ ನುಡಿಸುವವರಿಗೂ ನಡುವೆ ಒಂದು ಕುರ್ಚಿಯಷ್ಟು ಜಾಗ ಇದ್ದರೆ ಹೆಚ್ಚು. ನಾನು ಮೊದಲು ಎಷ್ಟೋ ವಾರ ಪೆಟ್ಟಿಗೆ ತೆರೆಯದೆ ಸುಮ್ನೆ ಕೂತು ಕೇಳಿದೆ. ಅದು ಹೆದರಿಕೆ ಅಲ್ಲ, ಲೆಕ್ಕಾಚಾರ. ಯಾವ ಹಾಡುಗಳನ್ನು ಜಾಸ್ತಿ ಆರಿಸುತ್ತಾರೆ, ಯಾವ ಶ್ರುತಿಯಲ್ಲಿ, ಒಬ್ಬೊಬ್ಬರು ಎಷ್ಟು ಸುತ್ತು ನುಡಿಸುತ್ತಾರೆ, ಇವನ್ನೆಲ್ಲ ಬರೆದುಕೊಂಡೆ. ಪಟ್ಟಿಯಲ್ಲಿ ಮೇಲೆ ನಿಂತದ್ದು ಬ್ಲೂಸ್. ಎಫ್‌ನಲ್ಲಿ ಇಲ್ಲವೇ ಬಿ ಫ್ಲ್ಯಾಟ್‌ನಲ್ಲಿ. ಸರಿ, ಅಲ್ಲಿಂದಲೇ ಶುರು.

ಕರ್ನಾಟಕ ಸಂಗೀತ ಕಲಿತವರಿಗೆ ಮೊದಲ ತೊಡಕು ಶ್ರುತಿ. ನಮ್ಮ ಕೈಗೆ ಒಂದೇ ಷಡ್ಜ ಗೊತ್ತು, ಬೆರಳು ಅಲ್ಲೇ ಕೂತಿರುತ್ತದೆ. ಇಲ್ಲಿ ಹಾಡಿಗೊಂದು ಶ್ರುತಿ. ಸಾಲದ್ದಕ್ಕೆ ಆಲ್ಟೋ ಇ ಫ್ಲ್ಯಾಟ್ ವಾದ್ಯ. ಪಿಯಾನೊದ ಬಿ ಫ್ಲ್ಯಾಟ್ ನಮಗೆ ಜಿ, ಅವರ ಎಫ್ ನಮಗೆ ಡಿ. ಇದಕ್ಕೆ ನಾನು ಮಾಡಿದ ಉಪಾಯ ತುಂಬ ಹಳೆಯದು. ಅಲಂಕಾರಗಳನ್ನೇ ಹನ್ನೆರಡು ಸ್ಥಾನದಲ್ಲೂ ಷಡ್ಜ ಇಟ್ಟು ಸಾಧನೆ ಮಾಡಿದೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಎರಡನೇ ತೊಡಕು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಬ್ಲೂಸ್ ಅಂದರೆ ಹನ್ನೆರಡು ಬಾರ್‌ನ ಒಂದು ಸುತ್ತು, ಒಂದು ಬಾರ್‌ಗೆ ನಾಲ್ಕು ಏಟು. ನಮ್ಮ ಲೆಕ್ಕದಲ್ಲಿ 48 ಅಕ್ಷರದ ದೊಡ್ಡ ಆವರ್ತ ಅಂದುಕೊಳ್ಳಿ. ಮೊದಲ ನಾಲ್ಕು ಬಾರ್ ಮನೆಯ ಕಾರ್ಡ್, ಅಂದರೆ ಷಡ್ಜದ್ದು. ಐದು, ಆರನೇ ಬಾರ್‌ನಲ್ಲಿ ಮಧ್ಯಮದ ಕಾರ್ಡ್. ಏಳು, ಎಂಟರಲ್ಲಿ ವಾಪಸ್ ಮನೆಗೆ. ಒಂಬತ್ತನೆಯದರಲ್ಲಿ ಪಂಚಮದ ಕಡೆ ಹೋಗಿ ಕೊನೆಗೆ ಮತ್ತೆ ಮನೆ. ಶುದ್ಧ ಧನ್ಯಾಸಿಯ ಸ್ವರಗಳನ್ನು ನುಡಿಸಿದರೆ ಬ್ಲೂಸ್‌ನ ಖಾರ ತಕ್ಷಣ ಸಿಗುತ್ತದೆ. ಮೋಹನದ ಸ್ವರ ಹಿಡಿದರೆ ಹಳೆಯ ಕ್ಯಾನ್ಸಸ್ ಸಿಟಿಯ ಹಗುರ ನಡೆ ಬರುತ್ತದೆ. ಆದರೆ ಒಂದು ಎಚ್ಚರ. ಐದನೇ ಬಾರ್ ಬಂದಾಗ ಅಂತರ ಗಾಂಧಾರದ ಮೇಲೆ ನಿಂತರೆ ಪಿಯಾನೊ ಜೊತೆ ಕಿತ್ತಾಟ. ಯಾಕೆಂದರೆ ಆ ಕಾರ್ಡ್‌ನ ಒಳಗೆ ಇರುವುದು ಸಾಧಾರಣ ಗಾಂಧಾರ. ಅಲ್ಲಿ ಗಾಂಧಾರವನ್ನು ಅರ್ಧ ಮೆಟ್ಟಿಲು ಇಳಿಸಿ, ಏಳನೇ ಬಾರ್‌ನಲ್ಲಿ ಮತ್ತೆ ಏರಿಸಬೇಕು. ಈ ಒಂದು ಸ್ವರದ ಓಡಾಟ ಕಿವಿಗೆ ಸ್ಪಷ್ಟವಾದ ದಿನ ಅರ್ಧ ಬ್ಲೂಸ್ ಬಂದ ಹಾಗೆ. ಇನ್ನೊಂದು ಖುಷಿ ಏನೆಂದರೆ, ಆ ಎರಡು ಗಾಂಧಾರಗಳ ನಡುವೆ ಜಾರುವುದಕ್ಕೆ ಇಲ್ಲಿ ಪೂರ್ತಿ ಅನುಮತಿ ಇದೆ. ಗಮಕದ ಅಭ್ಯಾಸ ಇದ್ದವರಿಗೆ ಅದು ಬಿಟ್ಟಿ ಲಾಭ.

ನಡೆ ವಿಷಯದಲ್ಲಿ ತಕಿಟ ನೆರವಿಗೆ ಬಂತು. ಸ್ವಿಂಗ್ ಅನ್ನುವ ಜ್ಯಾಝ್‌ನ ಉದ್ದ-ಗಿಡ್ಡ ನಡಿಗೆಗೆ ತಿಶ್ರದಲ್ಲಿ ತ, ಟ ಎರಡನ್ನೇ ನುಡಿಸಿ ನಡುವಿನ ಕಿ ನುಂಗಿಬಿಟ್ಟರೆ ಹತ್ತಿರ ಬರುತ್ತದೆ. ವೇಗ ಹೆಚ್ಚಾದಂತೆ ಅದು ಸಮಕ್ಕೆ ಸರಿಯುತ್ತದೆ, ಅದನ್ನು ಕೇಳಿಯೇ ಕಲಿಯಬೇಕು. ಚಪ್ಪಾಳೆ ಮಾತ್ರ ಉಲ್ಟಾ. ಸಮದ ಮೇಲೆ ತಟ್ಟಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಇಲ್ಲಿ ಎರಡು ಮತ್ತು ನಾಲ್ಕರ ಮೇಲೆ.

ಇಷ್ಟೆಲ್ಲ ತಯಾರಿ ಮಾಡಿಕೊಂಡರೂ ನನ್ನನ್ನು ಒಳಗೆ ಸೇರಿಸಿದ್ದು ಒಬ್ಬರೇ ಮುಂದೆ ನಿಂತು ನುಡಿಸುವ ಸೋಲೋ ಅಲ್ಲ, ರಿಫ್. ಇದು ಈ ಊರಿನ ಅಸಲಿ ಗುಟ್ಟು ಅಂತ ನನಗನ್ನಿಸುತ್ತದೆ. ರಿಫ್ ಅಂದರೆ ಎರಡು ಬಾರ್‌ನ ಪುಟ್ಟ ಸಂಗತಿ. ಒಬ್ಬರು ಸೋಲೋ ನುಡಿಸುವಾಗ ಹಿಂದೆ ನಿಂತವರು ಅದನ್ನು ಮತ್ತೆ ಮತ್ತೆ ಹೇಳುತ್ತಾ ಬೆನ್ನಿಗೆ ಬಲ ಕೊಡುತ್ತಾರೆ. ಬರೆದ ಹಾಳೆ ಇರುವುದಿಲ್ಲ. ಒಬ್ಬರು ಶುರು ಮಾಡುತ್ತಾರೆ, ಎರಡನೆಯವರು ಅದೇ ಲಯದಲ್ಲಿ ಬೇರೆ ಸ್ವರ ಹಿಡಿದು ಸೇರುತ್ತಾರೆ, ಮೂರನೆಯವರು ಇನ್ನೊಂದು. ಕೌಂಟ್ ಬೇಸಿಯ ಬ್ಯಾಂಡ್ ರಿನೊ ಕ್ಲಬ್‌ನಲ್ಲಿ ಹಾಡುಗಳನ್ನು ಕಟ್ಟಿದ್ದು ಹೀಗೆಯೇ. 1936ರಲ್ಲಿ ಅದನ್ನು ರೇಡಿಯೊದಲ್ಲಿ ಕೇಳಿ ರೆಕಾರ್ಡ್ ನಿರ್ಮಾಪಕ ಜಾನ್ ಹ್ಯಾಮಂಡ್ ಇಲ್ಲಿಗೇ ಓಡಿಬಂದರು.

ಫೌಂಡೇಶನ್‌ನಲ್ಲಿ ಒಂದು ರಾತ್ರಿ ನನ್ನ ಸೋಲೋ ಮುಗಿದ ಕೂಡಲೇ ವಾದ್ಯ ಇಳಿಸಿ ಕುರ್ಚಿ ಕಡೆ ಹೊರಟಿದ್ದೆ. ಹಿರಿಯ ಟ್ರಂಪೆಟ್ ವಾದಕರೊಬ್ಬರು ತೋಳು ಹಿಡಿದು ನಿಲ್ಲಿಸಿದರು. ಮಾತಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ ಮೂರು ಸ್ವರದ ಒಂದು ತುಣುಕು ಗುನುಗಿದರು, ಅದನ್ನೇ ತಾವು ನುಡಿಸಿದರು, ಹುಬ್ಬು ಏರಿಸಿ ನನ್ನ ಕಡೆ ನೋಡಿದರು. ನಾನು ಅದರ ಮೇಲಿನ ಗಾಂಧಾರ ಹಿಡಿದೆ. ಟ್ರಂಬೋನ್ ಕೆಳಗೆ ಸೇರಿತು. ಮುಂದೆ ನುಡಿಸುತ್ತಿದ್ದ ಹುಡುಗ ಹಿಂತಿರುಗಿ ನೋಡಿ ನಕ್ಕು ಇನ್ನೊಂದು ಸುತ್ತು ತೆಗೆದುಕೊಂಡ. ಆಮೇಲೆ ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು. ಕಛೇರಿಯಲ್ಲಿ ಮುಖ್ಯ ವಾದ್ಯವಾಗಿಯೇ ಕೂತು ಅಭ್ಯಾಸ ಆದವರಿಗೆ ಹೀಗೆ ಹಿಂದೆ ನಿಲ್ಲುವುದು ಸ್ವಲ್ಪ ಹೊಸದು, ಅಲ್ವಾ?

ಇಲ್ಲಿಯವರು ಹಳೆಯ ಕತೆಗಳನ್ನು ಸ್ಥಳಪುರಾಣದ ಹಾಗೆ ಹೇಳುತ್ತಾರೆ. 1933ರ ಡಿಸೆಂಬರ್‌ನಲ್ಲಿ ಆಲ್ಟೋಗಿಂತ ದಪ್ಪ ದನಿಯ ಟೆನರ್ ಸ್ಯಾಕ್ಸೋಫೋನ್ ನುಡಿಸುವ ಕೋಲ್ಮನ್ ಹಾಕಿನ್ಸ್ ಊರಿಗೆ ಬಂದಾಗ ಚೆರ್ರಿ ಬ್ಲಾಸಮ್ ಕ್ಲಬ್‌ನಲ್ಲಿ ಇಲ್ಲಿಯ ಟೆನರ್‌ನವರ ಜೊತೆ ರಾತ್ರಿಯಿಡೀ ನಡೆದ ಪೈಪೋಟಿ, ಪಿಯಾನೊದವರೆಲ್ಲ ಸುಸ್ತಾಗಿ, ಅವರಲ್ಲೊಬ್ಬರಾದ ಬೆನ್ ವೆಬ್‌ಸ್ಟರ್ ನಸುಕಿನಲ್ಲಿ ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ಅವರ ಕಿಟಕಿ ತಟ್ಟಿ ಎಬ್ಬಿಸಿದ್ದು. ಮೇರಿ ಲೂ ಅವರೇ ಹೇಳಿದ ಕತೆ ಅದು. ಇನ್ನೊಂದು ಪಾರ್ಕರ್‌ದು. ಹದಿಹರೆಯದಲ್ಲಿ ರಿನೊ ಕ್ಲಬ್‌ನ ಜ್ಯಾಮ್‌ನಲ್ಲಿ ಎಡವಿದಾಗ ಡ್ರಮ್ಮರ್ ಜೋ ಜೋನ್ಸ್ ಒಂದು ಸಿಂಬಲ್ (ಡ್ರಮ್ಸ್ ಜೊತೆ ಇರುವ ಲೋಹದ ತಟ್ಟೆ) ಎತ್ತಿ ಕಾಲ ಬಳಿ ಎಸೆದರಂತೆ. ಈ ಸಿಂಬಲ್ ಕತೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಮುಂದಿನ ಭಾಗ. ಮರುವರ್ಷದ ಬೇಸಿಗೆಯಲ್ಲಿ ಆ ಹುಡುಗ ಓಝಾರ್ಕ್ ಬೆಟ್ಟಗಳ ಕಡೆ ಕೆಲಸಕ್ಕೆ ಹೋಗಿ, ರೆಕಾರ್ಡ್ ಹಾಕಿಕೊಂಡು ಲೆಸ್ಟರ್ ಯಂಗ್ ಅವರ ಸೋಲೋಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದ. ನಾನೂ ಅದನ್ನೇ ಮಾಡಿದೆ. ಮೊದಲು ಸ್ವರ ಹಾಕಿ ಹಾಡಿಕೊಳ್ಳುವುದು, ಆಮೇಲೆ ವಾದ್ಯ. ಲೆಸ್ಟರ್ ಯಂಗ್ ಕಡಿಮೆ ಸ್ವರದಲ್ಲಿ ಹೆಚ್ಚು ಹೇಳುವವರು. ಕಲಿಯುವವರು ನೇರ ಪಾರ್ಕರ್‌ಗೆ ಕೈ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ.

ಹದಿನೆಂಟನೇ ರಸ್ತೆ ಮತ್ತು ವೈನ್ ಸೇರುವ ಕಡೆ ಅಮೆರಿಕನ್ ಜ್ಯಾಝ್ ಮ್ಯೂಸಿಯಂ ಇದೆ, 1997ರಿಂದ. ಪಾರ್ಕರ್ 1953ರಲ್ಲಿ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ನುಡಿಸಿದ ಪ್ಲಾಸ್ಟಿಕ್ ಆಲ್ಟೋ ಅಲ್ಲಿದೆ. ಗ್ರಾಫ್ಟನ್ ಕಂಪನಿಯದು, ಕೆನೆ ಬಣ್ಣದ ಮೈಗೆ ಹಿತ್ತಾಳೆ ಕೀಗಳು. 1994ರಲ್ಲಿ ಊರೇ ಅದನ್ನು ಹರಾಜಿನಲ್ಲಿ ಕೊಂಡು ತಂದಿತು. ಮ್ಯೂಸಿಯಂನ ಕ್ಲಬ್ ಬ್ಲೂ ರೂಮ್. ಅಲ್ಲಿನ ಸೋಮವಾರದ ಜ್ಯಾಮ್ ನನ್ನಂಥವರಿಗೆ ಒಳ್ಳೆಯದು, ಬೇಗ ಶುರುವಾಗುತ್ತದೆ, ಮರುದಿನ ಆಫೀಸಿಗೂ ಹೋಗಬಹುದು. ಆದರೆ ಒಂದು ಮಾತು ಹೇಳಬೇಕು. ಹಗಲು ಹೊತ್ತಲ್ಲಿ ಆ ಬೀದಿ ಹಾಗೆ ತುಂಬಿ ತುಳುಕುತ್ತಿರುವುದಿಲ್ಲ. ಇಂದಿನ ದಿನನಿತ್ಯದ ಸಂಗೀತ ಜಾಸ್ತಿ ಸಿಗುವುದು ಗ್ರ್ಯಾಂಡ್ ಬುಲೆವಾರ್ಡ್‌ನ ಗ್ರೀನ್ ಲೇಡಿ ಲೌಂಜ್‌ನಂಥ ಕಡೆ. ಅಲ್ಲಿ ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಆರ್ಗನ್ ಕೇಳಿಸುತ್ತಿರುತ್ತದೆ, ನುಡಿಸುವವರಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ಜ್ಯಾಝ್ ವಿಭಾಗದಲ್ಲಿ ಕಲಿತವರೂ ಇರುತ್ತಾರೆ. ಆಲ್ಟೋ ವಾದಕ ಬಾಬಿ ವಾಟ್ಸನ್ 2000ದಿಂದ ಇಪ್ಪತ್ತು ವರ್ಷ ಆ ವಿಭಾಗದಲ್ಲಿ ಕಲಿಸಿದರು. ಅವರ ಶಿಷ್ಯರನ್ನು ಈ ಊರಿನ ವೇದಿಕೆಗಳಲ್ಲಿ ಹುಡುಕಬೇಕಾಗಿಲ್ಲ.

ಪ್ರತಿ ಆಗಸ್ಟ್‌ನಲ್ಲಿ, ಪಾರ್ಕರ್ ಹುಟ್ಟಿದ ತಿಂಗಳಲ್ಲಿ, ಲಿಂಕನ್ ಸ್ಮಶಾನದ ಅವರ ಸಮಾಧಿ ಬಳಿ ಸ್ಯಾಕ್ಸೋಫೋನ್‌ನವರು ಸೇರುತ್ತೇವೆ. ಇಪ್ಪತ್ತೊಂದು ತೋಪಿನ ಬದಲು ಇಪ್ಪತ್ತೊಂದು ಸ್ಯಾಕ್ಸ್ ವಂದನೆ. ಪಟ್ಟಿ ನೋಡಿ ಒಳಗೆ ಬಿಡುವ ಕ್ರಮ ನನಗಂತೂ ಕಾಣಲಿಲ್ಲ. ವಾದ್ಯ ಹಿಡಿದು ಹೋದೆ, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ವೃತ್ತಿಪರರ ನಡುವೆ ಶಾಲೆಯ ಮಕ್ಕಳೂ ಇದ್ದರು. ಸಮಾಧಿ ಪಕ್ಕದಲ್ಲೇ ಅವರ ತಾಯಿ ಆಡಿಯವರದ್ದು. ಕಲ್ಲಿನ ಮೇಲೆ ಕೆತ್ತಿರುವುದು ಟೆನರ್ ಸ್ಯಾಕ್ಸೋಫೋನ್! ಜನ್ಮವಿಡೀ ಆಲ್ಟೋ ನುಡಿಸಿದವರಿಗೆ. ಆಲ್ಟೋದವರಾದ ನಾವು ಪ್ರತಿ ಸಲ ಅದನ್ನು ಒಬ್ಬರಿಗೊಬ್ಬರು ತೋರಿಸಿ ಗೊಣಗುತ್ತೇವೆ. ಆಗಸ್ಟ್‌ನ ಸೆಕೆ ಕರಾವಳಿಯವರಿಗೆ ಹೊಸದಲ್ಲ, ಆದರೂ ಪಿಚ್ ಮೇಲೆ ಹೋಗುತ್ತಿರುತ್ತದೆ. ಮೌತ್‌ಪೀಸನ್ನು ಸ್ವಲ್ಪ ಹೊರಗೆಳೆದು ಇಟ್ಟುಕೊಂಡರೆ ಒಳ್ಳೆಯದು.

ನೀವು ವಾದ್ಯ ಹಿಡಿದು ಈ ಊರಿಗೆ ಬರುವುದಾದರೆ ಎರಡು ಬ್ಲೂಸ್ ಪೂರ್ತಿ ಕಲಿತು ಬನ್ನಿ, ಪುಸ್ತಕ ನೋಡದೆ. ಸೋಲೋ ಎರಡು ಸುತ್ತಿಗೆ ನಿಲ್ಲಿಸಿ. ಯಾರಾದರೂ ತಲೆ ಮುಟ್ಟಿಕೊಂಡರೆ ತಲೆನೋವಲ್ಲ, ಪಲ್ಲವಿಗೆ ವಾಪಸ್ ಬನ್ನಿ ಅಂತ. ನಾಲ್ಕು ಬೆರಳು ಮೇಲೆತ್ತಿದರೆ ಡ್ರಮ್ಸ್ ಜೊತೆ ನಾಲ್ಕು ನಾಲ್ಕು ಬಾರ್‌ನ ಸವಾಲ್-ಜವಾಬ್. ಅಲ್ಲಿನ ಕಾಯಂ ಬ್ಯಾಂಡ್‌ನವರ ಟಿಪ್ಸ್ ಜಾಡಿಗೆ ಕೆಲವು ಡಾಲರ್ ಹಾಕಲು ಮರೆಯಬೇಡಿ, ಬೇಸ್‌ನವರು ರಾತ್ರಿಯಿಡೀ ನಿಮ್ಮೆಲ್ಲರ ಸೋಲೋ ಹೊರುತ್ತಾರೆ.

ಈಗ ನಾನು ಗುದ್ದಾಡುತ್ತಿರುವುದು ರಿದಮ್ ಚೇಂಜಸ್ ಅನ್ನುವ 32 ಬಾರ್‌ನ ಕಾರ್ಡ್ ಕ್ರಮದ ಜೊತೆ. ಜ್ಯಾಝ್‌ನ ಎಷ್ಟೋ ಹಾಡುಗಳು ಅದರ ಮೇಲೆ ನಿಂತಿವೆ. ಅದರ ನಡುಭಾಗದಲ್ಲಿ ಎರಡೆರಡು ಬಾರ್‌ಗೆ ಕಾರ್ಡ್ ಬದಲಾಗುತ್ತದೆ, ಷಡ್ಜವನ್ನು ಒಂದೇ ಕಡೆ ಇಟ್ಟುಕೊಂಡು ದಾಟಲು ಆಗುವುದಿಲ್ಲ. ಪ್ರತಿ ಕಾರ್ಡ್‌ಗೂ ಷಡ್ಜ ಸರಿಸಿ ಹರಿಕಾಂಭೋಜಿ ಹಿಡಿಯುವ ಪ್ರಯತ್ನ ನಡೆದಿದೆ. ನಿಧಾನಕ್ಕೆ ಬರುತ್ತದೆ, ವೇಗ ಏರಿದರೆ ಬೆರಳು ತಡವರಿಸುತ್ತದೆ. ಅದು ಕೈಗೆ ಕೂರುವವರೆಗೆ ಅಂಥ ಹಾಡು ಆರಿಸಿದಾಗ ನಾನು ಟ್ರಂಪೆಟ್‌ನವರ ಪಕ್ಕ ನಿಂತು ರಿಫ್ ಹಿಡಿಯುತ್ತೇನೆ.