ರಕ್ತದ ಚೀಲದಿಂದಲೇ ಕಬ್ಬಿಣದ ಲೆಕ್ಕ: ಥಲಸ್ಸೀಮಿಯಾ ಚೀಲೇಷನ್‌ನಲ್ಲಿ ನನ್ನ ಅನುಭವ

ಥಲಸ್ಸೀಮಿಯಾ ರೋಗಿಗೆ ಆಗಾಗ ರಕ್ತ ಏರಿಸಬೇಕು, ಅದರ ಜೊತೆ ಮೈಯಲ್ಲಿ ಕಬ್ಬಿಣ ತುಂಬುತ್ತದೆ; ಅದನ್ನು ಔಷಧ ಕೊಟ್ಟು ಹೊರಹಾಕುವುದೇ ಚೀಲೇಷನ್. ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ಸೂಚಿಸುವ ರಕ್ತಪರೀಕ್ಷೆ ಫೆರಿಟಿನ್ ಒಂದನ್ನೇ ನಂಬದೆ, ಮೈಗೆ ಏರಿದ ಕಬ್ಬಿಣವನ್ನು ಲೆಕ್ಕ ಹಾಕಿ ಡೋಸ್ ಕಟ್ಟುತ್ತೇನೆ ಎಂದಾಗ ಜೊತೆಯವರು ಒಪ್ಪಲಿಲ್ಲ. ಚೀಲ ತೂಗುತ್ತ ಕೂರಲು ಪುರುಸೊತ್ತೆಲ್ಲಿದೆ ಎಂದರು. ಈಗ ಅವರೂ ತೂಗುತ್ತಾರೆ.

ಚೀಲದ ರಕ್ತ ಎಷ್ಟು ಮಿಲಿಲೀಟರ್ ಎಂಬುದನ್ನು, ಅದರಲ್ಲಿ ಕೆಂಪುಕಣಗಳ ಪಾಲಾದ ಹಿಮಟೊಕ್ರಿಟ್‌ನಿಂದ, ಬಂದದ್ದನ್ನು 1.08ರಿಂದ ಗುಣಿಸಿದರೆ ಕಬ್ಬಿಣದ ಮಿಲಿಗ್ರಾಂ. 40 ಕೆಜಿ ರೋಗಿಗೆ ಮೂರು ವಾರಕ್ಕೆ 600 ಮಿಲಿ, ಹಿಮಟೊಕ್ರಿಟ್ 0.6 ಎಂದರೆ ಸುಮಾರು 390. ದಿನಕ್ಕೆ ಕೆಜಿಗೆ 0.46. ಇದು 0.5 ದಾಟಿದವರಿಗೆ ಕಬ್ಬಿಣ ಹೊರಹಾಕುವ, ನೀರಲ್ಲಿ ಕದಡುವ ಡೆಫೆರಾಸಿರಾಕ್ಸ್ ಮಾತ್ರೆ ದಿನಕ್ಕೆ ಕೆಜಿಗೆ 20 ಮಿಗ್ರಾಂ ಸಾಲುವುದಿಲ್ಲ, 30ರತ್ತ ಏರಿಸಲೇಬೇಕು. ಫೆರಿಟಿನ್ ಜ್ವರ ಬಂದರೂ ಏರುತ್ತದೆ, ವಿಟಮಿನ್ ಸಿ ಕೊರತೆಯಿದ್ದರೆ ಸುಳ್ಳೇ ಇಳಿಯುತ್ತದೆ. ಮೂರು ತಿಂಗಳ ಓಟ ನೋಡದೆ ಡೋಸ್ ಮುಟ್ಟುವುದಿಲ್ಲ.

ದೊಡ್ಡ ಎಡವಟ್ಟು ಮಾತ್ರೆ ಬದಲಿಸುವಾಗ ಆಯಿತು. ಕದಡುವ ಮಾತ್ರೆಯ 30 ಮಿಗ್ರಾಂ, ಅದೇ ಔಷಧದ ಲೇಪದ ಮಾತ್ರೆಯಲ್ಲಿ 21ಕ್ಕೆ ಸಮ. ಅದನ್ನೂ 30 ಎಂದೇ ಬರೆದರೆ ದುಡ್ಡೂ ಹೋಯಿತು, ಮೂತ್ರಪಿಂಡದ ತೊಂದರೆ ತೋರಿಸುವ ಕ್ರಿಯಾಟಿನಿನ್ನೂ ಏರಿತು. ಹೊಟ್ಟೆನೋವು, ಭೇದಿ ಎನ್ನುವವರಿಗೆ ಅದೇ ಡೋಸನ್ನು ಬೆಳಗ್ಗೆ-ರಾತ್ರಿ ಹಂಚಿ ನೋಡಿದೆ. ಹೊಟ್ಟೆ ತಣ್ಣಗಾಯಿತು, ಕೆಲವರಲ್ಲಿ ನಿಂತಿದ್ದ ಫೆರಿಟಿನ್ನೂ ಇಳಿಯಿತು.

ಡೆಸ್ಫೆರಾಲ್‌ನಲ್ಲಿ (ರಾತ್ರಿ ಚರ್ಮದಡಿ ಸೂಜಿಯಿಂದ ಹರಿಸುವ ಚೀಲೇಷನ್ ಔಷಧ) ದುಡ್ಡು ಉಳಿಯುವುದು ವಯಲ್ (500 ಮಿಗ್ರಾಂ ಸೀಸೆ) ಲೆಕ್ಕದಲ್ಲಿ. ಅದೇ 40 ಕೆಜಿ ರೋಗಿಗೆ ಕೆಜಿಗೆ 40 ಮಿಗ್ರಾಂನಂತೆ ರಾತ್ರಿಗೆ 1,600. ದಿನಾ ನಾಲ್ಕು ವಯಲ್ ಒಡೆದು ಉಳಿದದ್ದನ್ನು ಚೆಲ್ಲಿದರೆ ವಾರದ ಐದು ರಾತ್ರಿಗೆ 20. ನಾಲ್ಕು ರಾತ್ರಿ ಮೂರು, ಒಂದು ರಾತ್ರಿ ನಾಲ್ಕು ಕೊಟ್ಟರೆ 16ಕ್ಕೇ ವಾರದ ಮೊತ್ತ ಸರಿಹೋಗುತ್ತದೆ. ಅದನ್ನು ಏಳು ದಿನಕ್ಕೆ ಹಂಚಿದ ಸರಾಸರಿ, ಕೆಜಿಗೆ ಸುಮಾರು 28.6. ಇದನ್ನು ಫೆರಿಟಿನ್‌ನಿಂದ ಭಾಗಿಸಿದಾಗ 0.025 ಮೀರಬಾರದು, ಮೀರಿದರೆ ಕಿವಿಗೆ ಅಪಾಯ. 500 ಮಿಗ್ರಾಂಗೆ 5 ಮಿಲಿ ನೀರು ಬೇಕೇ ಬೇಕು. 3 ಮಿಲಿಯಲ್ಲಿ ಮುಗಿಸಲು ಹೋದಾಗೆಲ್ಲ ಚರ್ಮ ಕೆಂಪಾಗಿ ಗಂಟು ಕಟ್ಟಿದೆ. ಸೂಜಿ ಅಂಟಿಸುವ ನನ್ನ ಕ್ರಮವನ್ನು ಮಾತ್ರ ಬರೆಯುವುದಿಲ್ಲ, ಅದನ್ನು ಕೈ ನೋಡಿಯೇ ಕಲಿಯಬೇಕು.

ಫೆರಿಟಿನ್ 4,000ದಿಂದ 1,500ರ ಆಸುಪಾಸಿಗೆ ಇಳಿದವರಲ್ಲೂ ಹೃದಯದ ಟಿ2 ಸ್ಟಾರ್ (ಕಬ್ಬಿಣ ಹೆಚ್ಚಿದ್ದಷ್ಟೂ ಇಳಿಯುವ ಎಂಆರ್‌ಐ ಅಳತೆ) 10 ಮಿಲಿಸೆಕೆಂಡಿನ ಕೆಳಗೇ ಉಳಿದದ್ದುಂಟು. ಯಕೃತ್ತು ಬೇಗ ಖಾಲಿಯಾಗುತ್ತದೆ, ಹೃದಯ ವರ್ಷಗಟ್ಟಲೆ ಹಿಡಿದಿಡುತ್ತದೆ. ಅಂಥವರಿಗೆ ಡೆಸ್ಫೆರಾಲ್ ಜೊತೆ ಇನ್ನೊಂದು ಚೀಲೇಷನ್ ಔಷಧ ಡೆಫೆರಿಪ್ರೋನ್ ದಿನಕ್ಕೆ ಕೆಜಿಗೆ 75 ಮಿಗ್ರಾಂ, ಮೂರು ಹೊತ್ತು ಹಂಚಿ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಡೆಫೆರಿಪ್ರೋನ್‌ನಿಂದ ಕುಸಿಯಬಹುದು, ಅದನ್ನು ವಾರವಾರ ನೋಡಬೇಕು. ಜ್ವರ ಬಂದರೆ ಅಂದೇ ಎರಡೂ ಔಷಧ ಬಂದ್, ಅಂದೇ ರಕ್ತಪರೀಕ್ಷೆ.